ಡಾರ್ಟ್‌ಮತ್ ಧ್ರುವೀಯ ಪರಿಸರ ಬದಲಾವಣೆ ತರಬೇತಿ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿರುವ ಡಾರ್ಟ್‌ಮತ್ ಕಾಲೇಜು ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ ರೂಪಿಸಿದ ಅಂತರಶಿಸ್ತೀಯ ಕಾರ್ಯಕ್ರಮ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಐಗರ್ಟ್ ಎಂಬ ಸಂಶೋಧನಾ ತರಬೇತಿ ಯೋಜನೆಯ ನೆರವಿನಿಂದ 2008ರಲ್ಲಿ ಆರಂಭವಾಯಿತು. ಪರಿಸರ ವಿಜ್ಞಾನಿ ರಾಸ್ ವರ್ಜಿನಿಯಾ ಇದರ ನೇತೃತ್ವ ವಹಿಸಿದ್ದರು. ಭೂವಿಜ್ಞಾನ, ಜೀವಿಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧಕರು ಇಲ್ಲಿ ಒಟ್ಟಿಗೆ ಕಲಿತರು.

ತರಬೇತಿಯ ಜೀವಾಳ ಗ್ರೀನ್‌ಲ್ಯಾಂಡಿನ ಕ್ಷೇತ್ರಕಾರ್ಯ. ಕಾಂಗೆರ್ಲುಸುವಾಕ್ ಸುತ್ತ ಹಿಮಹಾಸಿನ ಅಂಚು, ಟಂಡ್ರಾದ ಮಣ್ಣು ಮತ್ತು ಸಸ್ಯಗಳ ಅಧ್ಯಯನ. ಸುಮಾರು 3,200 ಮೀಟರ್ ಎತ್ತರದ ಸಮ್ಮಿಟ್ ಕೇಂದ್ರದಲ್ಲಿ ಹಿಮದ ಪದರಗಳ ಪರಿಶೀಲನೆ. ಆದರೆ ಕಾರ್ಯಕ್ರಮಕ್ಕೆ ನಿಜವಾದ ತೂಕ ಬಂದದ್ದು ರಾಜಧಾನಿ ನೂಕ್‌ನಲ್ಲಿ. ಗ್ರೀನ್‌ಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ಇನ್ಯುಯಿಟ್ ಜನರ ಸಂಘಟನೆಯಾದ ಇನ್ಯುಯಿಟ್ ಸರ್ಕಂಪೋಲಾರ್ ಕೌನ್ಸಿಲ್ ಜೊತೆಗಿನ ಮಾತುಕತೆಯಲ್ಲಿ ವಿದ್ಯಾರ್ಥಿಗಳು ಸ್ಥಳೀಯರ ಅನುಭವಕ್ಕೆ ಕಿವಿಗೊಟ್ಟರು. ಸಮುದ್ರದ ಹಿಮ ತೆಳುವಾದರೆ ನಾಯಿಬಂಡಿಯ ದಾರಿ ಅಪಾಯಕಾರಿಯಾಗುತ್ತದೆ, ಸೀಲ್ ಬೇಟೆ ಕೆಡುತ್ತದೆ, ಮನೆಯ ಊಟವೂ ಬದಲಾಗುತ್ತದೆ. ಉಪಗ್ರಹ ಚಿತ್ರವೊಂದೇ ಇದನ್ನು ತಿಳಿಸಲಾರದು. ಅಲ್ಲಿ ಬದುಕುವವರನ್ನೇ ಕೇಳಬೇಕು. ಸಂಶೋಧನೆಯ ಪ್ರಶ್ನೆಗಳನ್ನು ರೂಪಿಸುವಾಗಲೂ ಅವರ ಮಾತಿಗೆ ಬೆಲೆ ಇರಬೇಕಾದುದು ನ್ಯಾಯ. 2009ರ ಜೂನ್‌ನಲ್ಲಿ ಗ್ರೀನ್‌ಲ್ಯಾಂಡಿಗೆ ವಿಸ್ತೃತ ಸ್ವಯಂ ಆಡಳಿತ ದೊರೆತುದರಿಂದ, ನೆಲ ಮತ್ತು ಖನಿಜಗಳ ಮೇಲಿನ ಹಕ್ಕಿನ ಚರ್ಚೆಯೂ ಆಗ ಬಿಸಿಯಾಗಿತ್ತು.

ಅಲಾಸ್ಕಾ ವಿಶ್ವವಿದ್ಯಾಲಯದ ಫೇರ್‌ಬ್ಯಾಂಕ್ಸ್ ಕ್ಯಾಂಪಸ್‌ನಲ್ಲಿ ಡಾರ್ಟ್‌ಮತ್ ಕಾರ್ಯಕ್ರಮಕ್ಕೂ ಮೊದಲೇ, ಇದೇ ಐಗರ್ಟ್ ಯೋಜನೆಯ ನೆರವಿನಿಂದ, ಜೀವಿಪರಿಸರ ವಿಜ್ಞಾನವನ್ನು ಅರ್ಥಶಾಸ್ತ್ರ ಹಾಗೂ ಮಾನವಶಾಸ್ತ್ರದೊಂದಿಗೆ ಬೆಸೆದ ತರಬೇತಿ ನಡೆದಿತ್ತು.