ಕೈಗವಸೋ, ಬ್ಯಾಟೋ? ಕಿರ್ಮಾನಿಯಿಂದ ಕೆ.ಎಲ್. ರಾಹುಲ್‌ವರೆಗೆ ಒಂದು ಹಳೇ ಜಗಳ



ತರಗುಪೇಟೆಯ ಮಂಡಿಗಳಲ್ಲಿ ಮಧ್ಯಾಹ್ನ ವ್ಯಾಪಾರ ತಣ್ಣಗಾದ ಮೇಲೆ ಶುರುವಾಗೋ ಕ್ರಿಕೆಟ್ ಜಗಳಗಳಲ್ಲಿ ಒಂದು ಮಾತ್ರ ಇನ್ನೂ ಮುಗಿದಿಲ್ಲ. ವಿಕೆಟ್ ಹಿಂದೆ ನಿಲ್ಲೋನು ಚೆನ್ನಾಗಿ ಚೆಂಡು ಹಿಡೀತಾನೆ, ಆದ್ರೆ ರನ್ ಹೊಡೆಯಲ್ಲ. ಅವನನ್ನ ತೆಗೆದು, ಹಿಡಿಯೋದು ಸ್ವಲ್ಪ ಕಮ್ಮಿಯಾದ್ರೂ ಬ್ಯಾಟಿಂಗ್ ಬಲ್ಲ ಒಬ್ಬನನ್ನ ಹಾಕ್ಬೇಕಾ, ಬೇಡವಾ? ಅಕ್ಕಿ, ಬೇಳೆ, ಬೆಲ್ಲದ ವ್ಯಾಪಾರ ಮಾಡೋರಿಗೆ ಈ ಪ್ರಶ್ನೆ ಬೇಗ ಅರ್ಥ ಆಗುತ್ತೆ. ಹೆಚ್ಚು ಮಾಲು ತರೋ ಗಾಡಿ ಬೇಕೋ, ಮೂಟೆ ಸೋರದ ಗಾಡಿ ಬೇಕೋ ಅನ್ನೋ ಲೆಕ್ಕಾನೇ ಇದು.

ಇದು ನಮ್ಮ ಕ್ರಿಕೆಟ್‌ನ ಚಿಂತೆ ಮಾತ್ರ ಅಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಶಾರ್ಟ್‌ಸ್ಟಾಪ್ ಅಂತ ಒಂದು ಜಾಗ ಇದೆ. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಂತು, ನೆಲಕ್ಕೆ ಬಡಿದು ಬರೋ ಚೆಂಡನ್ನ ಹಿಡಿದು ಕ್ಷಣದಲ್ಲಿ ಎಸೆಯೋ ಕೆಲಸ. ಬಾಲ್ಟಿಮೋರ್ ತಂಡದ ಮಾರ್ಕ್ ಬೆಲಾಂಜರ್ ಹೆಚ್ಚುಕಮ್ಮಿ ಇಡೀ ವೃತ್ತಿಜೀವನ ಅಲ್ಲೇ ನಿಂತರು. ಬ್ಯಾಟಿಂಗ್ ಸರಾಸರಿ ಬರೀ .228, ಆದ್ರೆ ಫೀಲ್ಡಿಂಗ್‌ಗೆ ಕೊಡೋ ಗೋಲ್ಡ್ ಗ್ಲವ್ ಪ್ರಶಸ್ತಿ 8 ಸಲ ಬಂತು. ಓಜಿ ಸ್ಮಿತ್ ಕೂಡ ಮೊದಲ ವರ್ಷಗಳಲ್ಲಿ ಬ್ಯಾಟಿಂಗ್‌ನಲ್ಲಿ ಸೊರಗಿದ್ದವರೇ. 1982ರಲ್ಲಿ ಅವರನ್ನ ಪಡೆದ ಸೇಂಟ್ ಲೂಯಿಸ್ ತಂಡ ಅದೇ ವರ್ಷ ವರ್ಲ್ಡ್ ಸೀರೀಸ್ ಗೆದ್ದಿತು. ಅಲ್ಲಿ ಶಾರ್ಟ್‌ಸ್ಟಾಪ್, ಇಲ್ಲಿ ವಿಕೆಟ್ ಕೀಪರ್. ಜಗಳ ಒಂದೇ.

ಈ ಜಗಳಕ್ಕೆ ಕರ್ನಾಟಕದ ಮೂರು ಹೆಸರುಗಳು ಮೂರು ಬೇರೆ ಬೇರೆ ಉತ್ತರ ಕೊಟ್ಟಿವೆ. 1983, 2003, 2023. ಸರಿಯಾಗಿ ಇಪ್ಪತ್ತಿಪ್ಪತ್ತು ವರ್ಷಗಳ ಅಂತರದ ಮೂರು ಏಕದಿನ ವಿಶ್ವಕಪ್‌ಗಳು. ಮೂರರಲ್ಲೂ ಭಾರತ ಫೈನಲ್ ತಲುಪಿತು, ಮೂರರಲ್ಲೂ ಕೀಪರ್ ನಮ್ಮವರೇ: ಸಯ್ಯದ್ ಕಿರ್ಮಾನಿ, ರಾಹುಲ್ ದ್ರಾವಿಡ್, ಕೆ.ಎಲ್. ರಾಹುಲ್.

ಮೊದಲು ಕಿರ್ಮಾನಿ. ಫಾರೂಖ್ ಇಂಜಿನಿಯರ್ ಇದ್ದಷ್ಟು ದಿನ ಅವರಿಗೆ ಜಾಗ ಸಿಗಲಿಲ್ಲ. 1971 ಮತ್ತು 1974ರ ಇಂಗ್ಲೆಂಡ್ ಪ್ರವಾಸಗಳಿಗೆ ಹೋದರೂ ಟೆಸ್ಟ್ ಆಡಲಿಲ್ಲ. ಇಂಜಿನಿಯರ್ ಹೊಡೆಯೋ ಕೀಪರ್, ಟೆಸ್ಟ್ ಸರಾಸರಿ 31. ಕಿರ್ಮಾನಿಗೆ ಮೊದಲ ಟೆಸ್ಟ್ ಸಿಕ್ಕಿದ್ದು 1976ರ ಜನವರಿಯಲ್ಲಿ, ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ. ಮುಂದಿನ ಟೆಸ್ಟ್ ಕ್ರೈಸ್ಟ್‌ಚರ್ಚ್‌ನಲ್ಲಿ. ಅಲ್ಲಿ ಒಂದೇ ಇನಿಂಗ್ಸ್‌ನಲ್ಲಿ ಆರು ಮಂದಿಯನ್ನ ಔಟ್ ಮಾಡಿ ಆಗಿನ ವಿಶ್ವದಾಖಲೆ ಸಮ ಮಾಡಿದರು. ಎರಡನೇ ಟೆಸ್ಟ್‌ನಲ್ಲೇ!

ಇಲ್ಲಿ ಒಂದು ವಿಷಯ ನೆನಪಿಡಿ. ಕಿರ್ಮಾನಿ ಕರ್ನಾಟಕ ತಂಡದಲ್ಲಿ ಕೀಪಿಂಗ್ ಮಾಡಿದ್ದು ಎರಪಳ್ಳಿ ಪ್ರಸನ್ನ ಮತ್ತು ಬಿ.ಎಸ್. ಚಂದ್ರಶೇಖರ್ ಅವರ ಬೌಲಿಂಗ್‌ಗೆ. ಚಂದ್ರ ಅವರದು ಲೆಗ್ ಸ್ಪಿನ್ ಅಂತ ಹೆಸರಿಗೆ, ವೇಗ ಮಾತ್ರ ಹೆಚ್ಚುಕಮ್ಮಿ ಮಧ್ಯಮ ವೇಗದ ಬೌಲರ್‌ದು. ಪಿಚ್‌ಗೆ ಬಿದ್ದ ಮೇಲೆ ಚೆಂಡು ಎತ್ತ ಹೋಗುತ್ತೆ ಅಂತ ಬ್ಯಾಟ್ಸ್‌ಮನ್‌ಗೂ ಗೊತ್ತಾಗ್ತಿರಲಿಲ್ಲ. ಅಂಥ ಚೆಂಡಿಗೆ ಸ್ಟಂಪ್‌ಗೆ ಅಂಟಿಕೊಂಡು ನಿಲ್ಲಬೇಕು. ಇಬ್ಬರೂ ಸೇರಿ ಟೆಸ್ಟ್‌ನಲ್ಲಿ ತೆಗೆದ ವಿಕೆಟ್ 431. ಅಂಥ ಬೌಲಿಂಗ್ ಇರೋ ತಂಡದಲ್ಲಿ ಕೀಪರ್ ಅಂದ್ರೆ ಹನ್ನೊಂದನೇ ಆಟಗಾರ ಅಲ್ಲ, ಬೌಲರ್‌ನ ಅರ್ಧಾಂಗಿ.

ಆದ್ರೂ 1979ರಲ್ಲಿ ಅವರನ್ನ ತೆಗೆದರು. ಇಂಗ್ಲೆಂಡ್‌ನಲ್ಲಿ ನಡೆದ ವಿಶ್ವಕಪ್‌ಗೆ ಬ್ಯಾಟಿಂಗ್ ಬಲ್ಲ ದೆಹಲಿಯ ಸುರಿಂದರ್ ಖನ್ನಾ, ಆಮೇಲಿನ ನಾಲ್ಕು ಟೆಸ್ಟ್‌ಗಳಿಗೆ ತಮಿಳುನಾಡಿನ ಭರತ್ ರೆಡ್ಡಿ. ಏನಾಯ್ತು? ವಿಶ್ವಕಪ್‌ನಲ್ಲಿ ಭಾರತ ಮೂರಕ್ಕೆ ಮೂರೂ ಪಂದ್ಯ ಸೋತಿತು, ಆಗಿನ್ನೂ ಟೆಸ್ಟ್ ಮಾನ್ಯತೆ ಇಲ್ಲದ ಶ್ರೀಲಂಕಾಕ್ಕೂ ಸೋತಿತು. ಟೆಸ್ಟ್ ಸರಣಿ 1-0 ಅಂತರದಲ್ಲಿ ಹೋಯ್ತು. ಓವಲ್‌ನ ಕೊನೆಯ ಟೆಸ್ಟ್‌ನಲ್ಲಿ 438 ರನ್ ಬೆನ್ನಟ್ಟಿ, ಗಾವಸ್ಕರ್ 221 ಹೊಡೆದು, ಕೊನೆಗೆ ಒಂಬತ್ತು ರನ್ ಸಾಲದೆ ಡ್ರಾ. ಇದನ್ನೆಲ್ಲ ಕೀಪರ್ ಒಬ್ಬರ ತಲೆಗೆ ಕಟ್ಟೋದು ಅನ್ಯಾಯ. ಆದ್ರೆ ಬದಲಾವಣೆಯಿಂದ ಲಾಭ ಬಂತು ಅಂತ ಹೇಳೋಕೂ ಆಗಲ್ಲ. ಭರತ್ ರೆಡ್ಡಿ ಆ ಸರಣಿ ಬಿಟ್ಟು ಮತ್ತೆ ಟೆಸ್ಟ್ ಆಡಲಿಲ್ಲ.

ತವರಿಗೆ ಬಂದ ಮೇಲೆ ಕಿರ್ಮಾನಿಗೆ ಮತ್ತೆ ಕರೆ ಬಂತು. ಅದೇ 1979ರ ನವೆಂಬರ್‌ನಲ್ಲಿ, ಮುಂಬೈನಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್. ದಿನದ ಕೊನೆಗೆ ಒಳ್ಳೇ ಬ್ಯಾಟ್ಸ್‌ಮನ್ ಔಟ್ ಆಗಬಾರದು ಅಂತ ರಾತ್ರಿ ಕಾವಲುಗಾರನ ಥರ ಇವರನ್ನ ಮೊದಲೇ ಕಳಿಸಿದರು, ನೈಟ್ ವಾಚ್‌ಮನ್ ಅಂತಾರಲ್ಲ, ಹಾಗೆ. ಕಾವಲಿಗೆ ಬಂದೋರು 101 ರನ್ ಹೊಡೆದು ಔಟಾಗದೆ ಉಳಿದರು.

ಈಗ ಸ್ವಲ್ಪ ಲೆಕ್ಕ ಹಾಕೋಣ. 88 ಟೆಸ್ಟ್‌ಗಳಲ್ಲಿ ಕಿರ್ಮಾನಿಯ ರನ್ 2,759, ಸರಾಸರಿ 27. ಕ್ಯಾಚ್ 160, ಸ್ಟಂಪಿಂಗ್ 38. ಅವರ ಬದಲು 37 ಸರಾಸರಿಯ ಒಬ್ಬ ಸಿಕ್ಕ ಅಂತಿಟ್ಕೊಳ್ಳಿ. ಇನಿಂಗ್ಸ್‌ಗೆ ಹತ್ತು ರನ್ ಲಾಭ, ಎರಡೂ ಇನಿಂಗ್ಸ್ ಆಡಿದರೆ ಒಂದು ಟೆಸ್ಟ್‌ಗೆ ಇಪ್ಪತ್ತು. ಎದುರಾಳಿಯ ನಲವತ್ತೈದು ಸರಾಸರಿಯ ಬ್ಯಾಟ್ಸ್‌ಮನ್‌ದು ಒಂದೇ ಒಂದು ಸ್ಟಂಪಿಂಗ್ ತಪ್ಪಿದರೆ ಆ ಇಪ್ಪತ್ತು ಹೋಗಿ, ಮೇಲೆ ಸಾಲ ಆಗುತ್ತೆ. ತೊಂದರೆ ಏನಪ್ಪಾ ಅಂದ್ರೆ, ಹೊಡೆದ ರನ್ ಸ್ಕೋರ್‌ಕಾರ್ಡ್‌ನಲ್ಲಿ ಹೆಸರಿನ ಮುಂದೆ ಬರುತ್ತೆ. ಕೈಬಿಟ್ಟ ಕ್ಯಾಚ್‌ಗೆ ಅಲ್ಲಿ ಕಾಲಮ್ಮೇ ಇಲ್ಲ. ಅದು ಎದುರಾಳಿಯ ಶತಕದೊಳಗೆ ಬೆರೆತು ಹೋಗಿರುತ್ತೆ. ಬಂದ ದುಡ್ಡು ಬರೆದು, ಸೋರಿದ ಅಕ್ಕಿ ಬರೆಯದ ಖಾತೆ ಪುಸ್ತಕ ಅದು. ಬಿಟ್ಟುಕೊಡದ ಬೈ ರನ್‌ಗಳ ಕಥೆಯೂ ಅಷ್ಟೇ. 1981-82ರ ಇಂಗ್ಲೆಂಡ್ ಸರಣಿಯಲ್ಲಿ ಸತತ ಮೂರು ಟೆಸ್ಟ್‌ಗಳಲ್ಲಿ ಕಿರ್ಮಾನಿ ಒಂದೇ ಒಂದು ಬೈ ಕೊಡಲಿಲ್ಲ. ಅದಕ್ಕೆ ಯಾರು ಚಪ್ಪಾಳೆ ಹೊಡೆದರು?

ಇನ್ನು ಅವರು ಹೊಡೆದ ರನ್‌ಗಳನ್ನೂ ಎಣಿಸೋದಕ್ಕಿಂತ ತೂಗಿ ನೋಡಬೇಕು. 1983ರ ಜೂನ್ 18, ಟನ್‌ಬ್ರಿಜ್ ವೆಲ್ಸ್. ಜಿಂಬಾಬ್ವೆ ವಿರುದ್ಧ ಭಾರತ 17ಕ್ಕೆ 5. ಕಪಿಲ್ ದೇವ್ ಅವರ 175 ಎಲ್ಲರಿಗೂ ಗೊತ್ತು. ಎಂಟನೇ ವಿಕೆಟ್ ಬಿದ್ದಾಗ ಸ್ಕೋರ್ 140, ಆಗ ಬಂದ ಕಿರ್ಮಾನಿ ಹೊಡೆದದ್ದು 24. ಅವರಿಬ್ಬರ ಮುರಿಯದ 126 ರನ್ ಜೊತೆಯಾಟ ಒಂಬತ್ತನೇ ವಿಕೆಟ್‌ಗೆ ಏಕದಿನ ದಾಖಲೆಯಾಗಿ 2010ರವರೆಗೂ ಉಳಿಯಿತು. ಫೈನಲ್‌ನಲ್ಲಿ ಕೊನೆಯ ವಿಕೆಟ್‌ಗೆ ಬಲ್ವಿಂದರ್ ಸಂಧು ಜೊತೆ 22 ರನ್ ಸೇರಿಸಿದರು, ಅದರಿಂದ ಭಾರತ 183 ಮುಟ್ಟಿತು. ಆಮೇಲೆ ಅದೇ ಸಂಧು ಬೌಲಿಂಗ್‌ನಲ್ಲಿ ಫೌದ್ ಬ್ಯಾಕಸ್ ಕ್ಯಾಚನ್ನ ಹಾರಿ ಹಿಡಿದರು. ಟೂರ್ನಿಯ ಅತ್ಯುತ್ತಮ ಕೀಪರ್ ಅನ್ನೋ ಮನ್ನಣೆ ಬಂದದ್ದು ನಾಲ್ಕು ವರ್ಷ ಹಿಂದೆ ವಿಶ್ವಕಪ್‌ಗೆ ಬೇಡವಾಗಿದ್ದ ಇದೇ ಮನುಷ್ಯನಿಗೆ.

ಹಾಗಾದ್ರೆ ಕೀಪರ್‌ನ ಯಾವತ್ತೂ ಬದಲಾಯಿಸಬಾರದಾ? ಇಲ್ಲಿ ಎರಡನೇ ಹೆಸರು ಬರುತ್ತೆ.

2002ರ ಹೊತ್ತಿಗೆ ಸೌರವ್ ಗಂಗೂಲಿ ನಾಯಕತ್ವದ ಏಕದಿನ ತಂಡದಲ್ಲಿ ಕೀಪರ್ ಜಾಗ ಏಳನೇ ಬ್ಯಾಟ್ಸ್‌ಮನ್‌ನ ನುಂಗುತ್ತಿತ್ತು. ಗಂಗೂಲಿ ಕೈಗವಸನ್ನ ದ್ರಾವಿಡ್‌ಗೆ ಕೊಟ್ಟರು. ದ್ರಾವಿಡ್ ಹುಡುಗನಾಗಿದ್ದಾಗ ಕೀಪಿಂಗ್ ಮಾಡಿದ್ದವರು. 1999ರ ವಿಶ್ವಕಪ್‌ನಲ್ಲಿ ಟಾಂಟನ್‌ನಲ್ಲಿ ಶ್ರೀಲಂಕಾ ವಿರುದ್ಧ 145 ಹೊಡೆದ ದಿನವೂ ಕೀಪರ್ ಅವರೇ. 2002ರ ಜುಲೈ 13, ಲಾರ್ಡ್ಸ್, ನ್ಯಾಟ್‌ವೆಸ್ಟ್ ಫೈನಲ್. 326 ಗುರಿ, ಭಾರತ 146ಕ್ಕೆ 5. ಯುವರಾಜ್ 69, ಏಳನೇ ಕ್ರಮಾಂಕದಲ್ಲಿ ಬಂದ ಮೊಹಮ್ಮದ್ ಕೈಫ್ ಔಟಾಗದೆ 87. ಗೆಲುವಿನ ಫೋಟೋದಲ್ಲಿ ಗಂಗೂಲಿ ಅಂಗಿ ಬಿಚ್ಚಿ ಬೀಸ್ತಾ ಇದ್ದಾರೆ. ಆದ್ರೆ ಕೈಫ್‌ಗೆ ಏಳನೇ ಜಾಗ ಎಲ್ಲಿಂದ ಬಂತು? ದ್ರಾವಿಡ್ ಕೈಗವಸು ತೊಟ್ಟಿದ್ದರಿಂದ ಬಂತು. ಸ್ಕೋರ್‌ಕಾರ್ಡ್‌ನಲ್ಲಿ ಇದಕ್ಕೂ ಕಾಲಮ್ ಇಲ್ಲ ನೋಡಿ.

2003ರ ವಿಶ್ವಕಪ್‌ನಲ್ಲಿ ದ್ರಾವಿಡ್ 11 ಪಂದ್ಯಗಳಲ್ಲೂ ಕೀಪಿಂಗ್ ಮಾಡಿ 16 ಮಂದಿಯನ್ನ ಔಟ್ ಮಾಡಿದರು, 318 ರನ್ ಹೊಡೆದರು. ಕೀಪರ್ ಆಗಿಯೇ ಬೆಳೆದ ಪಾರ್ಥಿವ್ ಪಟೇಲ್ ತಂಡದಲ್ಲಿದ್ದೂ ಒಂದೂ ಪಂದ್ಯ ಆಡಲಿಲ್ಲ. ಒಟ್ಟು 73 ಏಕದಿನ ಪಂದ್ಯಗಳಲ್ಲಿ ದ್ರಾವಿಡ್ ಸ್ಟಂಪ್ ಹಿಂದೆ ಕೂತು ಎದ್ದರು. ಐವತ್ತು ಓವರ್ ಅಂದ್ರೆ ಮುನ್ನೂರು ಬೈಠಕ್, ಅದಾದ ಮೇಲೆ ಬ್ಯಾಟಿಂಗ್. ಇಲ್ಲಿ ಬದಲಾವಣೆ ಸರಿ ಹೋಯ್ತು, ಯಾಕಂದ್ರೆ ಲೆಕ್ಕವೇ ಬೇರೆ. ಸಿಕ್ಕಿದ್ದು ಹತ್ತು ರನ್ ಅಲ್ಲ, ಪೂರ್ತಿ ಒಬ್ಬ ಬ್ಯಾಟ್ಸ್‌ಮನ್. ಕೀಪಿಂಗ್‌ನ ಕಷ್ಟವೂ ಐವತ್ತು ಓವರ್‌ಗೆ ಮುಗೀತು. ಆದ್ರೆ ಇದೇ ದ್ರಾವಿಡ್‌ನ ಟೆಸ್ಟ್‌ನಲ್ಲಿ, ಅನಿಲ್ ಕುಂಬ್ಳೆ ಐದನೇ ದಿನದ ಪಿಚ್‌ನಲ್ಲಿ ಬೌಲ್ ಮಾಡುವಾಗ, ಕಾಯಂ ಕೀಪರ್ ಮಾಡೋ ಯೋಚನೆ ತಂಡ ಮಾಡಲಿಲ್ಲ.

ಮೂರನೇ ಹೆಸರು ಕೆ.ಎಲ್. ರಾಹುಲ್. 2020ರ ಜನವರಿಯಲ್ಲಿ ಮುಂಬೈನಲ್ಲಿ ರಿಷಭ್ ಪಂತ್ ತಲೆಗೆ ಪೆಟ್ಟಾದಾಗ ಏಕದಿನ ಪಂದ್ಯದ ಕೈಗವಸು ಇವರಿಗೆ ಬಂತು. 2023ರ ವಿಶ್ವಕಪ್‌ನಲ್ಲಿ 452 ರನ್, ಸ್ಟಂಪ್ ಹಿಂದೆ 17 ಮಂದಿ ಔಟ್. ದ್ರಾವಿಡ್ ಅವರ 16ನ್ನ ದಾಟಿದ್ದು ಅವರ ಕೋಚಿಂಗ್‌ನಲ್ಲೇ.

ಇನ್ನೇನು, ಟೆಸ್ಟ್‌ಗೂ ಇವರೇ ಸಾಕು ಅಂತ ಜನ ಅಂದ್ಕೊಂಡ್ರು. 2023ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಸೆಂಚೂರಿಯನ್‌ನಲ್ಲಿ ರಾಹುಲ್ ಕೀಪರ್ ಆಗಿ ಆಡಿ 101 ಹೊಡೆದಿದ್ದರು. ಆದ್ರೆ 2024ರ ಜನವರಿಯಲ್ಲಿ ಇಂಗ್ಲೆಂಡ್ ಭಾರತಕ್ಕೆ ಬಂದಾಗ, ಈ ಸರಣಿಯಲ್ಲಿ ರಾಹುಲ್ ಕೀಪಿಂಗ್ ಮಾಡಲ್ಲ ಅಂತ ಕೋಚ್ ದ್ರಾವಿಡ್ ಸರಣಿಗೆ ಮುಂಚೇನೇ ಹೇಳಿಬಿಟ್ಟರು. ಕೈಗವಸು ತೊಟ್ಟು 73 ಪಂದ್ಯ ಆಡಿದ ಬ್ಯಾಟ್ಸ್‌ಮನ್ನೇ ತೆಗೆದುಕೊಂಡ ತೀರ್ಮಾನ ಅದು. ತಿರುಗೋ ಪಿಚ್, ಅಶ್ವಿನ್, ಜಡೇಜಾ, ಐದು ದಿನ. ಅಲ್ಲಿ ಕೀಪಿಂಗ್ ಗೊತ್ತಿರೋನೇ ಬೇಕು.

ಆ ಸರಣಿ ಈ ಪ್ರಶ್ನೆಗೆ ಇನ್ನೊಂದು ತಿರುವು ಕೊಟ್ಟಿತು. ಮೊದಲ ಎರಡು ಟೆಸ್ಟ್‌ಗಳಲ್ಲಿ ಕೆ.ಎಸ್. ಭರತ್ ನಿಂತರು. ರನ್ 41, 28, 17, 6. ಮೂರನೇ ಟೆಸ್ಟ್‌ಗೆ ಧ್ರುವ್ ಜುರೆಲ್ ಬಂದರು. ರಾಂಚಿಯ ನಾಲ್ಕನೇ ಟೆಸ್ಟ್‌ನಲ್ಲಿ 90 ಮತ್ತು ಔಟಾಗದೆ 39 ಹೊಡೆದು ಪಂದ್ಯ ಗೆಲ್ಲಿಸಿದರು. ಅಂದ್ರೆ ರನ್ ಕಮ್ಮಿ ಬಂದ ಕೀಪರ್‌ನ ಬದಲಾಯಿಸಿದರು, ಸರಿ. ಆದ್ರೆ ಬದಲಾಯಿಸಿದ್ದು ಇನ್ನೊಬ್ಬ ಕೀಪರ್‌ಗೆ. ಬ್ಯಾಟ್ಸ್‌ಮನ್ ಒಬ್ಬನಿಗೆ ಕೈಗವಸು ತೊಡಿಸಲಿಲ್ಲ.

ಆಸ್ಟ್ರೇಲಿಯಾದವರು 1999ರಲ್ಲಿ ಮಾಡಿದ್ದೂ ಅದನ್ನೇ. ಇಯಾನ್ ಹೀಲಿಯ ಟೆಸ್ಟ್ ಸರಾಸರಿ 27, ಕಿರ್ಮಾನಿಯಷ್ಟೇ. ಅವರ ಜಾಗಕ್ಕೆ ಆಡಮ್ ಗಿಲ್‌ಕ್ರಿಸ್ಟ್ ಬಂದಾಗ ಹೀಲಿಯ ತವರು ಬ್ರಿಸ್ಬೇನ್‌ನಲ್ಲಿ ಜನ ಕೂಗಿ ಕೆಣಕಿದರು. ಗಿಲ್‌ಕ್ರಿಸ್ಟ್ ಸರಾಸರಿ ಕೊನೆಗೆ 47 ದಾಟಿತು. ಇವರೂ ಕೀಪರ್ ಆಗಿಯೇ ಬೆಳೆದು ಬಂದವರು. ಆಮೇಲೆ ಜಗತ್ತಿನ ಎಲ್ಲ ತಂಡಗಳೂ ಗಿಲ್‌ಕ್ರಿಸ್ಟ್ ಒಬ್ಬ ಬೇಕು ಅಂತ ಹುಡುಕಾಟಕ್ಕೆ ಬಿದ್ದವು. ಅಂಥವರು ಮಾತ್ರ ಊರಿಗೊಬ್ಬರು ಹುಟ್ಟಲ್ಲ.

ಹಾಗಾಗಿ ಮಂಡಿ ಜಗಳಕ್ಕೆ ನನ್ನ ತೀರ್ಪು ಇದು. ಕೀಪರ್‌ನ ತೆಗೆಯೋ ಮುಂಚೆ ಮೂರು ಪ್ರಶ್ನೆ ಕೇಳಿ. ಬೌಲಿಂಗ್ ಯಾರದು, ಸ್ಪಿನ್ನರ್‌ಗಳದೋ ವೇಗಿಗಳದೋ? ಎಷ್ಟು ಓವರ್ ನಿಲ್ಲಬೇಕು? ಬದಲಾವಣೆಯಿಂದ ತಂಡಕ್ಕೆ ಸಿಗೋದು ಹತ್ತು ರನ್ನೋ, ಪೂರ್ತಿ ಒಬ್ಬ ಆಟಗಾರನೋ? ಏಕದಿನದಲ್ಲಿ, ಸಿಗೋದು ಪೂರ್ತಿ ಆಟಗಾರ ಅಂತಾದ್ರೆ, ಧೈರ್ಯವಾಗಿ ಬದಲಾಯಿಸಿ. ದ್ರಾವಿಡ್ ಮತ್ತು ರಾಹುಲ್ ಅದಕ್ಕೆ ಸಾಕ್ಷಿ. ನಮ್ಮ ನೆಲದ ಟೆಸ್ಟ್‌ನಲ್ಲಿ, ಚೆಂಡು ತಿರುಗುವಾಗ, ಹತ್ತು ರನ್ ಆಸೆಗೆ ಕೈ ಹಾಕಬೇಡಿ. ಇನ್ನೂ ಒಳ್ಳೇ ಕೀಪರ್ ಸಿಕ್ಕರೆ ಮಾತ್ರ ಕೀಪರ್‌ನ ಬದಲಾಯಿಸಿ.

ಒಂದು ಮಾತು ಉಳೀತು. ಕಿರ್ಮಾನಿ ಟೆಸ್ಟ್‌ನಲ್ಲಿ ಔಟ್ ಮಾಡಿದ್ದು ಒಟ್ಟು 198 ಮಂದಿಯನ್ನ. ಇನ್ನೂರಕ್ಕೆ ಎರಡು ಕಮ್ಮಿ. 1979ರ ಬೇಸಿಗೆಯಲ್ಲಿ ಇಂಗ್ಲೆಂಡ್‌ನಲ್ಲಿ ಅವರಿಲ್ಲದೆ ನಡೆದ ಟೆಸ್ಟ್‌ಗಳು ನಾಲ್ಕು. ಲೆಕ್ಕ ನೀವೇ ಹಾಕ್ಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.