ಮನ್ಯಾಗ ಕೈಕೆಲಸ ಬ್ಯಾಡ ಅಂತಾರ, ಯಾಕ? (ನಮ್ಮ ಕಡೆಯ ಚರಿತ್ರೆ, ಭಾಗ 6)

ನಮ್ಮ ಓಣಿ ಹೆಸರಿನಿಂದಲೇ ಶುರು ಮಾಡೋಣ. ಮೋಮಿನ್ ಅಂದ್ರ ನಂಬಿಕೆ ಉಳ್ಳವನು. ಆದರ ಹಿಂದಕ್ಕ ಬಹಳಷ್ಟು ಊರಾಗ ಮುಸ್ಲಿಂ ನೇಕಾರರಿಗೂ ಮೋಮಿನ್ ಅಂತಲೇ ಹೆಸರಿತ್ತು. ಕಸುಬೇ ಮನೆತನದ ಗುರುತಾಗಿದ್ದ ಕಾಲ ಅದು. ಆಗ ಮಗ ಅಪ್ಪನ ಕಸುಬು ಬಿಟ್ಟರ ಮನ್ಯಾಗ ಜಗಳ. ಈಗ ಉಲ್ಟಾ. ಕಸುಬು ಹಿಡೀತೀನಿ ಅಂದ್ರ ಜಗಳ. "ಮೊದಲು ಡಿಗ್ರಿ ಮುಗಿಸು, ಇದೆಲ್ಲಾ ಆಮ್ಯಾಲ." ನಮ್ಮ ಕ್ಲಾಸಿನಾಗ ಅರ್ಧ ಮಂದಿ ಈ ಮಾತು ಕೇಳಿರ್ತೀರಿ.

ಇದು ಯಾಕ ಹಿಂಗ ತಿರುಗಿತು ಅಂತ ತಿಳೀಬೇಕಂದ್ರ ಕಮಲಾಪುರ, ಹುಮನಾಬಾದ್ ದಾಟಿ ಬೀದರಿಗೆ ಹೋಗ್ಬೇಕು.

1347ರಲ್ಲಿ ಬಹಮನಿ ರಾಜ್ಯ ಶುರುವಾದಾಗ ರಾಜಧಾನಿ ನಮ್ಮ ಕಲಬುರಗಿ. 15ನೇ ಶತಮಾನದಾಗ ಸುಲ್ತಾನ್ ಅಹ್ಮದ್ ಶಾ ರಾಜಧಾನಿಯನ್ನು ಬೀದರಿಗೆ ಒಯ್ದ. ಆ ಊರಿನ ಹೆಸರನ್ನೇ ಹೊತ್ತ ಕಲೆ ಬಿದ್ರಿ.

ಕೆಲಸ ಹೆಂಗಂದ್ರ, ಸತುವು ಬಹಳ, ತಾಮ್ರ ಸ್ವಲ್ಪ ಕೂಡಿಸಿ ಮರಳಿನ ಅಚ್ಚಿನಾಗ ಎರಕ ಹೊಯ್ತಾರ. ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡಿ, ಅದರ ಮ್ಯಾಲ ಸಣ್ಣ ಉಳಿಯಿಂದ ಹೂಬಳ್ಳಿ ಕೊರೀತಾರ. ಆ ಗೆರೆಯೊಳಗ ಬೆಳ್ಳಿ ತಂತಿ ಇಟ್ಟು ಬಡಿದು ಕೂಡಿಸ್ತಾರ. ಉಜ್ಜಿ ಹೊಳಪು ಕೊಟ್ಟ ಮ್ಯಾಲ ಲೋಹ, ಬೆಳ್ಳಿ ಎರಡೂ ಒಂದೇ ಬಣ್ಣ, ಚಿತ್ರ ಕಾಣೋದೇ ಕಷ್ಟ! ಕೊನೀಗೆ ಬಿಸಿ ಮಾಡಿ, ಬೀದರ್ ಕೋಟೆ ಮಣ್ಣು ಮತ್ತು ನವಸಾಗರ ಕಲಸಿ ತಿಕ್ತಾರ. ಲೋಹ ಕಡುಗಪ್ಪು ಆಗ್ತದ, ಬೆಳ್ಳಿ ಬೆಳ್ಳಗ ಉಳೀತದ. ಆ ಮಣ್ಣು ಸರಿ ಅದನೋ ಇಲ್ಲೋ ಅಂತ ಉಸ್ತಾದರು ನಾಲಿಗೆಗೆ ಹಚ್ಚಿ ನೋಡ್ತಾರ. ಈ ರುಚಿ ಯಾವ ವಿಡಿಯೋ ನೋಡಿದರೂ ಬರೂದಿಲ್ಲ. ಅಪ್ಪನ ಬಾಜೂಕ ವರ್ಷಾನುಗಟ್ಟಲೆ ಕೂತ್ರನೇ ಬರ್ತದ.

ಹಂಗಾದ್ರ ಇಂಥ ಕಸುಬು ಮನೆಯವರಿಗೆ ಭಾರ ಆಗಿದ್ದು ಯಾಕ? ಕೊಳ್ಳೋರು ಹೋದರು. ಬಿದ್ರಿಯ ದೊಡ್ಡ ಗಿರಾಕಿಗಳು ನವಾಬರು, ಜಾಗೀರದಾರರು. ಅವರಿಗೆ ಬೇಕಾಗಿದ್ದು ಹುಕ್ಕಾ, ಪಾನದಾನ, ಪೀಕದಾನಿ. 1948ರ ಸೆಪ್ಟೆಂಬರ್‌ನಾಗ ನಿಜಾಮರ ಆಳ್ವಿಕೆ ಮುಗೀತು, 1949ರಲ್ಲಿ ಜಾಗೀರುಗಳೂ ರದ್ದಾದವು. ಆ ಹುಕ್ಕಾಗಳು ಈಗ ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಾಗ ಗಾಜಿನ ಹಿಂದ ಅವ. ಮಾಡೋರ ಮನ್ಯಾಗ ಒಲಿ ಹೊತ್ತಬೇಕಲ್ಲ?

ಆದರೂ ಕೆಲವರು ಬಿಡಲಿಲ್ಲ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ತಂದೆ ಶಾ ಮುಸ್ತಫಾ ಖಾದ್ರಿಯವರ ಕೈಯಾಗ ಕಲಿತವರು. 2011ರ ಗಣರಾಜ್ಯೋತ್ಸವದಾಗ ಕರ್ನಾಟಕದ ಸ್ತಬ್ಧಚಿತ್ರದ ವಿಷಯವೇ ಬಿದ್ರಿ. 2023ರಲ್ಲಿ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಕಲೆಗೆ 2006ರಲ್ಲೇ ಜಿಐ ಟ್ಯಾಗ್ ಸಿಕ್ಕಿತ್ತು. ಹುಕ್ಕಾ ಹೋದ ಜಾಗದಾಗ ಹೂದಾನಿ, ಕಿವಿಯೋಲೆ, ಕೀಚೈನ್, ಪೆನ್‌ಡ್ರೈವ್ ಬಂದವು. ಕಸುಬು ಅದೇ, ಸಾಮಾನು ಬ್ಯಾರೆ.

ನನಗ ಅನಿಸೋದು ಇಷ್ಟು. ಮನೆಯವರ ನಿರೀಕ್ಷೆ ಬದಲಾಗೇ ಇಲ್ಲ. ಅವತ್ತೂ "ಮನಿ ನಡೀಬೇಕು", ಇವತ್ತೂ "ಮನಿ ನಡೀಬೇಕು". ಅವತ್ತು ಮಗ್ಗ, ಉಳಿ ಮನಿ ನಡೆಸ್ತಿದ್ದವು, ಅದಕ್ಕ ಹಿಡಿ ಅಂದ್ರು. ಇವತ್ತು ನೌಕರಿ ನಡೆಸ್ತದ, ಅದಕ್ಕ ಓದು ಅಂತಾರ. ಅಬ್ಬಾಗೆ ನಿಮ್ಮ ಕ್ರೋಶೆ ಮ್ಯಾಲ, ಕ್ಯಾಲಿಗ್ರಫಿ ಮ್ಯಾಲ ಸಿಟ್ಟಿಲ್ಲ, ಗಿರಾಕಿ ಯಾರು ಅನ್ನೋ ಹೆದರಿಕೆ ಅದ. "ನನಗ ಇಷ್ಟ" ಅಂದ್ರ ಆ ಹೆದರಿಕೆ ಹೋಗೂದಿಲ್ಲ. ದಾರಕ್ಕ ಎಷ್ಟು, ಎಷ್ಟು ತಾಸು ಕೆಲಸ, ಮಾರಿದ್ದು ಎಷ್ಟಕ್ಕ ಅಂತ ಒಂದು ವಹಿ ಬರೆದು ತೋರಿಸ್ರಿ. ಲೆಕ್ಕ ಸೋತಿದ್ರ ಓದಿನ ಜೋಡಿ ಸಂಜೀಗೆ ಒಂದು ತಾಸು ಇಟ್ಕೊಳ್ರಿ. ಪೂರಾ ಮಾತ್ರ ಬಿಡಬ್ಯಾಡ್ರಿ. ಒಂದು ತಲೆಮಾರು ಬಿಟ್ಟರ ಮಣ್ಣಿನ ರುಚಿ ಹೇಳೋರು ಯಾರೂ ಇರೂದಿಲ್ಲ.

ನಿಮ್ಮ ಅಜ್ಜ, ದಾದಿ, ನಾನಿ ಯಾವ ಕಸುಬು ಮಾಡ್ತಿದ್ರು? ಕೇಳ್ಕೊಂಡು ಬಂದು ಕಾಮೆಂಟಿನಾಗ ಬರೀರಿ.

#ನಮ್ಮಕಡೆಯಚರಿತ್ರೆ #ಮೋಮಿನಪುರ #ಕಲಬುರಗಿ #ಬಿದ್ರಿ