ಎಡ್ಸಾಕ್ ಯಂತ್ರದ ಸ್ಮೃತಿವೇಗ

ಮೊದಲ ಬಾರಿಗೆ ತಾನೇ ಒಂದು ಮೇಜುಗಣಕವನ್ನು ಜೋಡಿಸಹೊರಟ ವಿದ್ಯಾರ್ಥಿಯು ಮೆಮೊರಿಯ ವೇಗವನ್ನು ಆಯ್ದುಕೊಳ್ಳುವಲ್ಲಿ ತಡವರಿಸುವುದು ಇಂದು ಸಾಮಾನ್ಯವಾಗಿದೆ. ಅಂಗಡಿಯ ಪಟ್ಟಿಯಲ್ಲಿ 3200, 6000 ಮುಂತಾದ ಅಂಕೆಗಳಿರುತ್ತವೆ. ದೊಡ್ಡ ಅಂಕೆಯೇ ಮೇಲೆಂದು ಮೇಲ್ನೋಟಕ್ಕೆ ತೋರುತ್ತದೆ. ಪ್ರಶ್ನೆ ಹೊಸದಲ್ಲ. ಗಣಕವು ಮೇಜಿನ ಮೇಲೆ ಬರುವುದಕ್ಕೆ ಮೂರು ದಶಕಗಳಷ್ಟು ಮೊದಲೇ, ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಿತ ಪ್ರಯೋಗಶಾಲೆಯಲ್ಲಿ ತಮ್ಮ ಪ್ರಥಮ ಗಣಕವಾದ ಎಡ್ಸಾಕನ್ನು ಕಟ್ಟಹೊರಟ ಮಾರಿಸ್ ವಿಲ್ಕ್ಸ್ ಅವರು ಇದನ್ನೇ ಎದುರಿಸಿದ್ದರು.

1946ರ ಬೇಸಗೆಯಲ್ಲಿ ಫಿಲಡೆಲ್ಫಿಯಾದ ಮೂರ್ ಸ್ಕೂಲಿನಲ್ಲಿ ನಡೆದ ಉಪನ್ಯಾಸಮಾಲೆಗೆ ವಿಲ್ಕ್ಸ್ ತಡವಾಗಿ ತಲುಪಿ, ಅದರ ಕೊನೆಯ ಭಾಗವನ್ನು ಮಾತ್ರ ಕೇಳಿದರು. ಸ್ಮೃತಿಕೋಶಕ್ಕಾಗಿ ಅವರು ಆರಿಸಿಕೊಂಡದ್ದು ಯುದ್ಧಕಾಲದ ರೇಡಾರ್ ಸಂಶೋಧನೆಯಿಂದ ಬಂದ ಪಾದರಸದ ಕೊಳವೆ. ವಿದ್ಯುತ್ ಮಿಡಿತಗಳನ್ನು ಧ್ವನಿತರಂಗಗಳಾಗಿ ಮಾರ್ಪಡಿಸಿ, ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆಯ ಒಂದು ತುದಿಯಿಂದ ಹರಿಯಬಿಡುವುದು. ಇನ್ನೊಂದು ತುದಿಯಲ್ಲಿ ಅವನ್ನು ಹಿಡಿದು, ತಿದ್ದಿ, ಮತ್ತೆ ಮೊದಲಿನ ತುದಿಗೆ ಕಳುಹಿಸುವುದು. ಹೀಗೆ 576 ಮಿಡಿತಗಳು ಒಂದು ಕೊಳವೆಯಲ್ಲಿ ಎಡೆಬಿಡದೆ ಸುತ್ತುತ್ತಿದ್ದುವು. ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಕಾಲ ಬೇಕು. ಬೇಕಾದ ಸಂಖ್ಯೆಯು ಆಗತಾನೆ ದಾಟಿಹೋಗಿದ್ದರೆ ಯಂತ್ರವು ಅದು ಮರಳಿ ಬರುವವರೆಗೆ ಕಾಯಲೇಬೇಕು.

ಸೆಕೆಂಡಿಗೆ 10 ಲಕ್ಷ ಮಿಡಿತಗಳ ವೇಗ ಆ ಕಾಲದಲ್ಲಿ ಅಸಾಧ್ಯವಾಗಿರಲಿಲ್ಲ. ಟೆಡಿಂಗ್‌ಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಅಲನ್ ಟ್ಯೂರಿಂಗ್ ಅವರ ಯೋಜನೆಯಿಂದ ಬೆಳೆದ ಪೈಲಟ್ ಏಸ್ ಯಂತ್ರವು ಆ ವೇಗದಲ್ಲಿಯೇ ನಡೆಯಿತು. ವಿಲ್ಕ್ಸ್ ಅವರು ಬೇಕೆಂದೇ ಅದರ ಅರ್ಧಕ್ಕೆ, ಎಂದರೆ 5 ಲಕ್ಷಕ್ಕೆ, ನಿಂತರು. ವೇಗ ಕಡಮೆಯಾದಷ್ಟೂ ಮಂಡಲಗಳ ರಚನೆ ಸುಲಭ, ಮಿಡಿತಗಳು ತಪ್ಪುವ ಸಂಭವ ಕಡಮೆ. ವಿಶ್ವವಿದ್ಯಾನಿಲಯದ ಸಂಶೋಧಕರ ಕೈಗೆ ನಂಬಬಹುದಾದ ಒಂದು ಸಾಧನವನ್ನು ಬೇಗ ಒದಗಿಸುವುದೇ ಅವರ ಉದ್ದೇಶ, ದಾಖಲೆ ಸ್ಥಾಪಿಸುವುದಲ್ಲ.

1949ರ ಮೇ 6ರಂದು ಎಡ್ಸಾಕ್ ವರ್ಗಸಂಖ್ಯೆಗಳ ಪಟ್ಟಿಯೊಂದನ್ನು ಅಚ್ಚುಮಾಡಿತು. ಪೈಲಟ್ ಏಸ್ ತನ್ನ ಮೊದಲ ಕಾರ್ಯಕ್ರಮವನ್ನು ನಡೆಸಿದ್ದು 1950ರ ಮೇ 10ರಂದು. ಈ ಒಂದು ವರ್ಷದ ಅಂತರಕ್ಕೆ ವೇಗದ ಹಂಬಲವೊಂದೇ ಕಾರಣವೆಂದರೆ ಅನ್ಯಾಯವಾದೀತು. ಟೆಡಿಂಗ್‌ಟನ್ನಿನಲ್ಲಿ ಆಡಳಿತದ ತೊಡಕುಗಳೂ ಇದ್ದುವು, ಟ್ಯೂರಿಂಗ್ ಅವರಂತೂ 1948ರಲ್ಲಿಯೇ ಆ ಸಂಸ್ಥೆಯನ್ನು ಬಿಟ್ಟಿದ್ದರು. ನಡೆಯತೊಡಗಿದ ಮೇಲೆ ಪೈಲಟ್ ಏಸ್ ಎಡ್ಸಾಕಿಗಿಂತ ಬಹಳ ಚುರುಕಾಗಿತ್ತೆಂಬುದೂ ನಿಜ. ಆದರೆ ಆ ಚುರುಕಿಗೆ ಮಿಡಿತದ ವೇಗವೊಂದೇ ಸಾಲದು. ಪ್ರತಿಯೊಂದು ಆದೇಶವೂ ಬೇಕಾದ ಕ್ಷಣಕ್ಕೆ ಸರಿಯಾಗಿ ಕೊಳವೆಯ ತುದಿಗೆ ಬರುವಂತೆ ಅದರ ಸ್ಥಾನವನ್ನು ಲೆಕ್ಕಹಾಕಿ ಇಡಬೇಕಾಗಿತ್ತು. ಆ ಹೊರೆ ಕಾರ್ಯಕ್ರಮ ಬರೆಯುವವನದು. ಎಡ್ಸಾಕಿನಲ್ಲಿ ಆದೇಶಗಳನ್ನು ಒಂದರ ಮುಂದೊಂದು ಬರೆದರೆ ಸಾಕಾಗಿತ್ತು. ಕಾಯುವ ಕೆಲಸ ಯಂತ್ರದ್ದು. ಇದರಿಂದ ಗಣಿತಜ್ಞರಲ್ಲದವರೂ ಅದನ್ನು ಬಳಸಿಕೊಂಡರು. ಮಯೋಗ್ಲೋಬಿನ್ ಅಣುವಿನ ರಚನೆಯನ್ನು ಕಂಡುಹಿಡಿದು 1962ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ ಜಾನ್ ಕೆಂಡ್ರೂ ಅವರ ಗಣನೆಗಳಿಗೂ ಅದು ನೆರವಾಯಿತು.

ಮಿಡಿತದ ವೇಗ ಬೇರೆ, ಕಾಯುವ ಕಾಲ ಬೇರೆ ಎಂಬ ಈ ಭೇದವನ್ನು ಅಂಗಡಿಯ ಪಟ್ಟಿಯು ಇಂದಿಗೂ ಮರೆಮಾಡುತ್ತದೆ. 3200ರ ಮೆಮೊರಿಯು 16 ಆವರ್ತಗಳು ಕಾದು ಉತ್ತರ ಕೊಡುವುದಾದರೆ ಹಿಡಿಯುವ ಕಾಲ 10 ನ್ಯಾನೊಸೆಕೆಂಡು. 6000ದ್ದು 30 ಆವರ್ತಗಳು ಕಾದರೂ ಅದೇ 10. ಎರಡನೆಯದು ಒಮ್ಮೆ ಹರಿಯತೊಡಗಿದರೆ ಹೆಚ್ಚು ಮಾಹಿತಿಯನ್ನು ಸಾಗಿಸಬಲ್ಲುದು, ಸಂದೇಹವಿಲ್ಲ. ಮೊದಲ ಉತ್ತರ ಮಾತ್ರ ಬೇಗನೆ ಬರದು. ಅಲ್ಲದೆ ಆ 6000 ಎಂಬುದು ಸಾಮಾನ್ಯವಾಗಿ ಬಯಾಸ್‌ನಲ್ಲಿ ಬೇರೆಯಾಗಿ ಆರಿಸಬೇಕಾದ ವೇಗ. ಆರಿಸದಿದ್ದರೆ ಯಂತ್ರವು ಕೆಳಗಿನ ವೇಗದಲ್ಲಿಯೇ ನಡೆಯುತ್ತದೆ. ಆರಿಸಿದಾಗ ಸಂಸ್ಕಾರಕ ಮತ್ತು ಮದರ್‌ಬೋರ್ಡು ಅದನ್ನು ತಾಳಬೇಕು.

ಎಡ್ಸಾಕನ್ನು 1958ರ ಜುಲೈ 11ರಂದು ನಿಲ್ಲಿಸಲಾಯಿತು. ಅದರ ಸ್ಥಾನಕ್ಕೆ ಬಂದ ಎಡ್ಸಾಕ್-2ರಲ್ಲಿ ಪಾದರಸವಿರಲಿಲ್ಲ. ಕಾಂತೀಯ ಉಂಗುರಗಳಿದ್ದುವು, ಅವುಗಳಲ್ಲಿ ಯಾವ ಸಂಖ್ಯೆಯೂ ಸುತ್ತಿ ಬರುವುದನ್ನು ಕಾಯಬೇಕಾಗಿರಲಿಲ್ಲ.